ಒಂದು ತಿಂಗಳು ಪುಕ್ಕಟೆ

ಸಿರುಗುಪ್ಪ
6 ಡಿಸೆಂಬರ್ 2010

ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಶ್ರೀ ಪಂಪಣ್ಣನವರಿಗೆ, ಸಿರುಗುಪ್ಪದಲ್ಲಿ ಗಾದಿ ತುಂಬುವ ಇಮಾಮಸಾಬ್ ಬರೆಯುವುದು.

ತಾವು ಕ್ಷೇಮವೇ ಎಂದು ಕೇಳಿ ಶುರು ಮಾಡುವುದು ಪತ್ರದ ಮರ್ಯಾದೆ. ಈ ಸಲ ಆ ಮರ್ಯಾದೆಯನ್ನು ಬದಿಗಿಟ್ಟಿದ್ದೇನೆ. ನಿಮ್ಮ ಅಂಗಡಿಗೆ ಫೋನ್ ಮಾಡಿದಾಗಲೆಲ್ಲ ಕೌಂಟರಿನ ಹುಡುಗಿ ಮಾಲೀಕರಿಲ್ಲ ಎಂದು ಇಟ್ಟುಬಿಡುತ್ತಾಳೆ. ಕೊನೆಗೊಂದು ದಿನ "ಏನಿದ್ರೂ ಬರದು ಕಳಸ್ರಿ" ಎಂದಳು. ಅದಕ್ಕೇ ಕಾಗದ ಹಿಡಿದಿದ್ದೇನೆ. ಮೆಸೇಜು ಕಳಿಸೋಣವೆಂದರೆ ನೀವು ಮಾರಿದ ಫೋನಿಗೆ ಕನ್ನಡ ಬರುವುದಿಲ್ಲ. ಅಕ್ಷರ ಇರಬೇಕಾದ ಕಡೆ ಸಾಲಾಗಿ ಖಾಲಿ ಚೌಕ ಮೂಡುತ್ತವೆ.

ಕಳೆದ ತಿಂಗಳು ನಾನೂ ನನ್ನ ತಮ್ಮನ ಮಗಳು ಗುಲ್ನಾಜಳೂ ನಿಮ್ಮಲ್ಲಿಗೆ ಬಂದು ವೆಲ್ಟಾ ಎಂಬ ಕಂಪನಿಯ ಫೋನ್ ಕೊಂಡೆವು. ನಾವು ಕೇಳಿದ್ದು ಬೇರೆ ಫೋನು. "ಗಣಿ ಸಾಹುಕಾರ್ರೆಲ್ಲ ಇದನ್ನ ಒಯ್ಯಾಕ ಹತ್ಯಾರ್ರಿ, ನಿಮಗೇನು ಕಡಿಮಿ" ಎಂದು ನೀವೇ ಇದನ್ನು ನಮ್ಮ ಕೈಗೆ ತುರುಕಿದಿರಿ. ಚಿತ್ರ ಒತ್ತಿದರೆ ಮಾತಾಡುವ ಆ್ಯಪ್ ಇದರಲ್ಲಿ ಸಿಗುತ್ತದೆಯೇ ಎಂದು ಗುಲ್ನಾಜ್ ಕೇಳಿದಳು. ಸಿಗುತ್ತದೆ, ಒಂದು ತಿಂಗಳು ಪುಕ್ಕಟೆ, ಆಮೇಲೆ ಚೂರು ದುಡ್ಡು ಕಟ್ಟಿದರಾಯಿತು ಎಂದು ನಿಮ್ಮ ಹುಡುಗಿಯೇ ಅದನ್ನು ಹಾಕಿಕೊಟ್ಟಳು.

ನಿಮ್ಮ ತಿಂಗಳಿಗೆ ಎಷ್ಟು ದಿನ, ಪಂಪಣ್ಣನವರೇ? ಮೂರು ವಾರ ತುಂಬುವ ಮೊದಲೇ, ಶುಕ್ರವಾರ ಬೆಳಿಗ್ಗೆ ಆ್ಯಪ್ ಬಾಗಿಲು ಹಾಕಿಕೊಂಡಿತು. ತೆರೆದರೆ ಇಂಗ್ಲಿಷಿನಲ್ಲಿ ಒಂದು ಬರಹ. ಪುಕ್ಕಟೆ ಅವಧಿ ಮುಗಿಯಿತು, ವರ್ಷದ ಚಂದಾ ಕಟ್ಟಿ ಎಂದು ಅದರ ಅರ್ಥವಂತೆ. ಚಂದಾ ಡಾಲರಿನಲ್ಲಿ. ಕಟ್ಟಬೇಕಾದದ್ದು ಕ್ರೆಡಿಟ್ ಕಾರ್ಡಿನಲ್ಲಿ. ಮಾರುವಾಗ ನನ್ನ ಅಂಗಿಗೆ ಅಂಟಿದ್ದ ಅರಳೆ ನಿಮಗೆ ಕಾಣಲಿಲ್ಲವೇ? ನನ್ನಂಥವನ ಹತ್ತಿರ ಅಂಥ ಕಾರ್ಡು ಇದ್ದೀತೆಂದು ಹೇಗೆ ತಿಳಿದಿರಿ?

ಆ ಆ್ಯಪ್ ನಮ್ಮ ಮನೆಗೆ ಬೇಕೇ ಬೇಕು. ಯಾಕೆ ಎನ್ನುವುದು ನಮ್ಮ ಮನೆಯ ವಿಷಯ. ತಕ್ಷಣ ತೆರೆಸಿಕೊಡಿ.

ಕೋಪ ಬಂದಿದ್ದರೂ ಓದಲು ಬರಲೆಂದು ನಿಧಾನವಾಗಿ ಬರೆದಿರುವ
ಇಮಾಮಸಾಬ್


ಬಳ್ಳಾರಿ
11 ಡಿಸೆಂಬರ್ 2010

ಮಾನ್ಯ ಗ್ರಾಹಕರೇ,

ನಿಮ್ಮ ಪತ್ರ ತಲುಪಿತು. ನಮ್ಮ ಅಂಗಡಿಗೆ ಅಂಚೆಯಲ್ಲಿ ದೂರು ಬಂದದ್ದು ಇದೇ ಮೊದಲು. ಕೈಬರಹ ಚೆನ್ನಾಗಿದೆ ಎಂದು ನಮ್ಮ ಹುಡುಗಿ ಎಲ್ಲರಿಗೂ ತೋರಿಸಿದಳು.

ವಿಷಯಕ್ಕೆ ಬರುತ್ತೇನೆ. ನಾವು ಮಾರುವುದು ಫೋನು. ಆ್ಯಪ್ ಮಾರುವುದು ಕಂಪನಿಯ ಆನ್‌ಲೈನ್ ಅಂಗಡಿ. ಅಲ್ಲಿ ಕೆಲವು ಪುಕ್ಕಟೆ, ಕೆಲವು ಒಂದೇ ಸಲ ದುಡ್ಡು, ಕೆಲವಕ್ಕೆ ವರ್ಷ ವರ್ಷ ಚಂದಾ. ಅದರ ಮೇಲೆ ನಮ್ಮ ಕೈ ನಡೆಯುವುದಿಲ್ಲ. ತಿಂಗಳು ತುಂಬುವ ಮೊದಲೇ ಮುಗಿಯಿತು ಎನ್ನುತ್ತೀರಿ. ನೀವು ಎಣಿಸುವುದರಲ್ಲಿ ಹೆಚ್ಚುಕಮ್ಮಿ ಆಗಿರಬಹುದು.

ನೀವು ಹೇಳಿದ ಆ್ಯಪ್ ಎಂಥದ್ದೆಂದು ಅದರ ಜಾಹೀರಾತು ನೋಡಿದೆ. ಬಾಗಿಲು, ತಟ್ಟೆ, ಕತ್ತೆ, ಬಸ್ಸು, ಚಂದ್ರ. ನಮ್ಮ ದನಿಯನ್ನು ತುಂಬಿಟ್ಟರೆ ಒತ್ತಿದಾಗ ಅದೇ ದನಿ ಬರುತ್ತದೆ. ಮೊಮ್ಮಕ್ಕಳ ಆಟಕ್ಕೆಂದು ಕಾಣುತ್ತದೆ. ಮಕ್ಕಳು ನಾಲ್ಕು ದಿನ ಅತ್ತು ಮರೆಯುತ್ತಾರೆ. ಬಳ್ಳಾರಿ ಕಡೆ ಬಂದಾಗ ಫೋನ್ ತನ್ನಿರಿ, ಕುದುರೆ ಓಟದ ಆಟ ಪುಕ್ಕಟೆ ಹಾಕಿಕೊಡುತ್ತೇನೆ. ಜೊತೆಗೆ ನಾಲ್ಕು ಕವ್ವಾಲಿ ರಿಂಗ್‌ಟೋನು ನನ್ನ ಲೆಕ್ಕದಲ್ಲಿ.

ನಿಮ್ಮ ವಿಶ್ವಾಸವೇ ನಮ್ಮ ಬಂಡವಾಳ.
ಪಂಪಣ್ಣ


ಸಿರುಗುಪ್ಪ
15 ಡಿಸೆಂಬರ್ 2010

ಪಂಪಣ್ಣನವರೇ,

ನಿಮ್ಮ ಕವ್ವಾಲಿ ನಿಮ್ಮ ಹತ್ತಿರವೇ ಇರಲಿ. ನನಗೆ ಮೊಮ್ಮಕ್ಕಳಿಲ್ಲ, ಮಕ್ಕಳೇ ಇಲ್ಲ. ಎಣಿಸಲು ಮಾತ್ರ ಚೆನ್ನಾಗಿ ಬರುತ್ತದೆ.

ನಾನು ಗಾದಿ ತುಂಬುತ್ತೇನೆ. ಅರಳೆ ಹಿಂಜಿ, ತುಂಬಿ, ಹೊಲಿದು ಕೊಟ್ಟ ಮೇಲೆ ಅದು ಕೊಂಡವರದು. ಅವರು ಮಲಗಲಿ, ಮಾಳಿಗೆಗೆ ಹಾಕಲಿ, ನನ್ನನ್ನು ಕೇಳಬೇಕಾಗಿಲ್ಲ. ತಿಂಗಳಾದ ಮೇಲೆ ಅವರ ಮನೆಗೆ ನುಗ್ಗಿ, ಮಲಗಿದವರನ್ನು ಎಬ್ಬಿಸಿ, ಇನ್ನು ಮೇಲೆ ನೆಲದ ಮೇಲೆ ಮಲಗಿ ಎಂದರೆ ನನ್ನನ್ನು ಹೊಡೆಯುತ್ತಾರೆ. ನಿಮ್ಮ ಕಂಪನಿಯನ್ನು ಯಾಕೆ ಯಾರೂ ಹೊಡೆಯುವುದಿಲ್ಲ?

ದುಡ್ಡಿಲ್ಲದೆ ಜಗಳ ತೆಗೆದಿದ್ದಾನೆ ಎಂದು ತಿಳಿಯಬೇಡಿ. ಕೇಳಿದಷ್ಟು ಕೊಡಲು ತಯಾರಿದ್ದೇನೆ, ತೆಗೆದುಕೊಳ್ಳುವವರು ಸಿಗುತ್ತಿಲ್ಲ. ಬ್ಯಾಂಕಿಗೆ ಹೋದೆ. ಅಲ್ಲಿಯ ಸಾಹೇಬರು ಕ್ರೆಡಿಟ್ ಕಾರ್ಡಿಗೆ ಸಂಬಳದ ಚೀಟಿ ತನ್ನಿ ಎಂದರು. ನನಗೆ ಸಂಬಳ ಕೊಡುವವರು ಯಾರು? ಆಮೇಲೆ ಎರ್ರಣ್ಣನ ಕಾಲು ಹಿಡಿದೆ. ಈ ಎರ್ರಣ್ಣ ಅದಿರು ಸಾಗಿಸುವ ಗುತ್ತಿಗೆದಾರ, ಅವನ ಗೆಸ್ಟ್ ಹೌಸಿಗೆ ಗಾದಿಯೆಲ್ಲ ನಾನೇ ತುಂಬಿಕೊಟ್ಟದ್ದು. ಅವನ ಪಾಕೀಟಿನಲ್ಲಿ ಕಾರ್ಡುಗಳು ಎಲೆಯಡಿಕೆಯಂತೆ ಇರುತ್ತವೆ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಕಾರ್ಡಿನ ನಂಬರು ಒತ್ತಿದ. ಆಗ ಏನು ಬಂತು ಗೊತ್ತೇ? ಈ ಆ್ಯಪ್ ನಿಮ್ಮ ದೇಶದಲ್ಲಿ ಮಾರಾಟಕ್ಕಿಲ್ಲ.

ಇನ್ನೊಂದು ಸಲ ಓದಿ. ರುಚಿ ತೋರಿಸಲು ನಮ್ಮ ದೇಶ ಆಗುತ್ತದೆ, ಮಾರಲು ಆಗುವುದಿಲ್ಲ. ಹಾಗಿದ್ದರೆ ರುಚಿ ಯಾಕೆ ತೋರಿಸಿದಿರಿ? ಎರ್ರಣ್ಣ ನಕ್ಕು, ಈ ವೆಲ್ಟಾವನ್ನು ಯಾರು ಕೇಳುತ್ತಾರೆ ಸಾಬ್ರೇ, ನಾನು ನನ್ನದನ್ನು ಡ್ರೈವರಿಗೆ ಕೊಟ್ಟುಬಿಟ್ಟೆ ಎಂದ. ನೀವು ಹೇಳಿದ ಗಣಿ ಸಾಹುಕಾರರು ಇವರೇ ಇರಬೇಕು.

ಮನೆಯಲ್ಲಿ ಒಬ್ಬರು ಅದನ್ನು ನಂಬಿ ಕೂತಿದ್ದಾರೆ. ಇದಕ್ಕಿಂತ ಹೆಚ್ಚಿಗೆ ಹೇಳುವುದಿಲ್ಲ. ಉತ್ತರ ಬರದಿದ್ದರೆ ಗ್ರಾಹಕರ ಕೋರ್ಟಿಗೆ ಹೋಗುತ್ತೇನೆ.

ಇಮಾಮಸಾಬ್


ಬಳ್ಳಾರಿ
3 ಜನವರಿ 2011

ಇಮಾಮಸಾಬರೇ,

ಕೋರ್ಟಿನ ಮಾತು ಬಂದದ್ದರಿಂದ ಇಷ್ಟು ದಿನ ಉತ್ತರ ಬರೆಯಲಿಲ್ಲ. ಹೆದರಿಸುವವರ ಜೊತೆ ವ್ಯಾಪಾರ ಮಾಡಿ ನನಗೆ ಅಭ್ಯಾಸವಿಲ್ಲ. ಆದರೂ ಹೊಸ ವರ್ಷದಲ್ಲಿ ಮನಸ್ಸು ಕಹಿ ಮಾಡಿಕೊಳ್ಳುವುದು ಬೇಡವೆಂದು ನಾನಾಗಿ ನಿಮ್ಮ ನಂಬರಿಗೆ ಫೋನ್ ಮಾಡಿದೆ. ಒಂದಲ್ಲ, ಎರಡಲ್ಲ, ಮೂರು ಸಲ. ಮೂರು ಸಲವೂ ಎತ್ತಿದಿರಿ. ಒಂದು ಮಾತೂ ಆಡಲಿಲ್ಲ. ಉಸಿರು ಮಾತ್ರ ಕೇಳುತ್ತಿತ್ತು. "ಹಲೋ, ನಾ ಪಂಪಣ್ಣ ಮಾತಾಡೋದು" ಎಂದು ಹೇಳಿ ಹೇಳಿ ನನಗೇ ನಾಚಿಕೆಯಾಯಿತು. ಹೀಗೆ ಮುಖ ತಿರುಗಿಸಿ ಕೂತರೆ ಯಾರು ಏನು ಮಾಡಲು ಆಗುತ್ತದೆ? ನೀವು ಹಿರಿಯರು. ಬೈಯಬೇಕಿದ್ದರೆ ಬಾಯಿಬಿಟ್ಟು ಬೈದಿದ್ದರೆ ಚೆನ್ನಾಗಿತ್ತು.

ನನ್ನ ಕಡೆಯಿಂದ ಕೊನೆಯ ಮಾತು. ಫೋನನ್ನು ಬಸ್ಸಿನಲ್ಲಿ ಕಳಿಸಿಕೊಡಿ. ಒಳಗಿರುವುದನ್ನೆಲ್ಲ ಅಳಿಸಿ, ಹೊಸದರ ಹಾಗೆ ಮಾಡಿ ಇಟ್ಟುಕೊಂಡು, ಅರ್ಧ ಬೆಲೆಗೆ ಬೇರೆ ಕಂಪನಿಯ ಫೋನ್ ಕೊಡುತ್ತೇನೆ. ದೊಡ್ಡ ಕಂಪನಿ. ಅದರಲ್ಲಿ ಇದೇ ಆ್ಯಪ್ ಒಂದೇ ಸಲ ದುಡ್ಡು ಕೊಟ್ಟರೆ ಶಾಶ್ವತ, ಬೆಲೆಯೂ ಕಡಿಮೆ. ವೆಲ್ಟಾಕ್ಕೆ ಗಿರಾಕಿ ಕಡಿಮೆ, ಹಾಗಾಗಿ ಅದರಲ್ಲಿ ಎಲ್ಲವೂ ದುಬಾರಿ. ನನಗೂ ಇದು ಆಮೇಲೆ ತಿಳಿದದ್ದು.

ಪಂಪಣ್ಣ


ಸಿರುಗುಪ್ಪ
5 ಜನವರಿ 2011

ಪಂಪಣ್ಣನವರೇ,

ಅಳಿಸುತ್ತೇನೆ ಎಂಬ ಮಾತನ್ನು ಇನ್ನೊಮ್ಮೆ ಬರೆಯಬೇಡಿ.

ಫೋನ್ ಎತ್ತಿ ಮಾತಾಡದೆ ಇದ್ದದ್ದು ನಾನಲ್ಲ. ನನ್ನ ಹೆಂಡತಿ ಕುಲ್ಸುಂಬೀ. ಹಗಲು ನಾನು ಅರಳೆಯ ಅಂಗಡಿಯಲ್ಲಿರುತ್ತೇನೆ, ಫೋನು ಅವಳ ಹತ್ತಿರ ಇರುತ್ತದೆ. ಅವಳಿಗೆ ದನಿ ಇಲ್ಲ.

ಹೇಳಬಾರದೆಂದುಕೊಂಡಿದ್ದೆ. ಅವಳ ಕಾಯಿಲೆಯ ಸುದ್ದಿಯನ್ನು ಅಂಗಡಿಯವರ ಮುಂದೆ ಹರವಿ ಕನಿಕರ ಗಿಟ್ಟಿಸುವುದು ನನಗೆ ಬೇಕಿರಲಿಲ್ಲ. ದುಡ್ಡು ಕೊಟ್ಟು ಕೊಂಡ ಸಾಮಾನಿಗೆ ಕನಿಕರ ಯಾಕೆ? ನ್ಯಾಯ ಸಾಕಿತ್ತು. ಈಗ ನ್ಯಾಯವೂ ಇಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಗಂಟಲಲ್ಲಿ ಗಂಟಾಗಿತ್ತು. ದನಿ ಹುಟ್ಟುವ ಜಾಗವನ್ನೇ ತೆಗೆಯಬೇಕು, ತೆಗೆದರೆ ಜೀವ ಉಳಿಯುತ್ತದೆ ಎಂದರು ಬಳ್ಳಾರಿಯ ಡಾಕ್ಟರು. ಅವಳು ಸಾಲಿಗೆ ಹೋದವಳಲ್ಲ. ಬರೆದು ತೋರಿಸಲು ಬರುವುದಿಲ್ಲ. ಆಗ ಗುಲ್ನಾಜ್ ಈ ಉಪಾಯ ತಂದಳು. ಅವಳು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕಡೆ ಕೆಲಸಕ್ಕಿದ್ದಾಳೆ, ಈ ಫೋನುಗಳ ವಿಷಯ ತಿಳಿದವಳು. ಆಪರೇಷನ್ನಿಗೆ ಮೊದಲೇ ದೊಡ್ಡಮ್ಮ ತನ್ನ ದನಿಯಲ್ಲೇ ಮಾತು ತುಂಬಿಡಲಿ, ಆಮೇಲೆ ಚಿತ್ರ ಒತ್ತಿ ಮಾತಾಡಲಿ ಎಂದಳು.

ಆಸ್ಪತ್ರೆಯ ಮಂಚದ ಮೇಲೆ ಕೂತು ಎರಡು ಸಂಜೆ ತುಂಬಿದಳು. ಮೊದಲ ಸಂಜೆ ಬಾಗಿಲ ಚಿತ್ರಕ್ಕೆ "ಯಾರದು? ಒಳಗ ಬರ್ರಿ" ಎಂದಳು. ತಟ್ಟೆಗೆ "ಊಟ ಆರಾಕ ಹತ್ತೈತಿ, ಏಳ್ರಿ." ಆಮೇಲೆ ಕತ್ತೆಯ ಚಿತ್ರ ಬಂತು. ನನ್ನ ಮುಖ ನೋಡಿ ನಕ್ಕು, "ಸಾಕು ಬಿಡ್ರಿ, ಎಷ್ಟಂತ ಬೈತೀರಿ" ಎಂದು ತುಂಬಿದಳು. ನನ್ನ ಸಿಟ್ಟು ನಿಮಗೆ ಈಗ ಗೊತ್ತಾಗಿದೆ, ಅವಳು ಅದರ ಜೊತೆ ನಲವತ್ತು ವರ್ಷ ಬಾಳಿದ್ದಾಳೆ. ಪಕ್ಕದ ಮಂಚದವರೆಲ್ಲ ನಕ್ಕರು. ಎರಡನೆಯ ಸಂಜೆ ನಗು ಇರಲಿಲ್ಲ. ಬಸ್ಸಿಗೆ "ಹುಷಾರಾಗಿ ಹೋಗಿ ಬರ್ರಿ" ಎಂದಳು. ಚಂದ್ರನಿಗೆ ಬಹಳ ಹೊತ್ತು ಯೋಚಿಸಿ, "ಮಲಕ್ಕೋರಿ, ನಾ ಇಲ್ಲೇ ಅದೀನಿ" ಎಂದಳು.

ಮನೆಗೆ ಬಂದ ಮೇಲೆ ಅದನ್ನು ಒತ್ತಿ ಮಾತಾಡಿದ್ದು ಒಂದು ವಾರವೂ ಇಲ್ಲ, ಅಷ್ಟರಲ್ಲಿ ನಿಮ್ಮ ಕಂಪನಿ ಬಾಗಿಲು ಹಾಕಿತು. ಇನ್ನೂ ಅಭ್ಯಾಸ ಬಿಟ್ಟಿಲ್ಲ, ಫೋನ್ ಬಂದರೆ ಎತ್ತುತ್ತಾಳೆ. ಬಾಗಿಲ ಚಿತ್ರ ಹುಡುಕುತ್ತಾಳೆ. ಸಿಗುವುದಿಲ್ಲ. ಆ ಕಡೆಯವರು ಹಲೋ ಹಲೋ ಎನ್ನುತ್ತಿದ್ದರೆ ಕೇಳುತ್ತ ಕೂರುತ್ತಾಳೆ.

ದೊಡ್ಡ ಕಂಪನಿಯ ಫೋನ್ ಕೊಡುತ್ತೇನೆ ಎನ್ನುತ್ತೀರಿ. ಅದರಲ್ಲಿ ಯಾರ ದನಿ ತುಂಬಲಿ? ನನ್ನದೇ? ಈ ಫೋನಿನಿಂದ ಆ ಫೋನಿಗೆ ಒಂದು ಮಾತೂ ದಾಟುವುದಿಲ್ಲವೆಂದು ಗುಲ್ನಾಜ್ ಎಲ್ಲ ಒದ್ದಾಡಿ ನೋಡಿದಳು. ಫೋನು ನನ್ನದು, ದನಿ ನನ್ನ ಹೆಂಡತಿಯದು, ಬೀಗ ಮಾತ್ರ ಯಾವನೋ ಕಾಣದವನದು. ಇದನ್ನು ಕಳ್ಳತನ ಎನ್ನದೆ ಏನೆನ್ನಬೇಕು, ನೀವೇ ಹೇಳಿ.

ಇಮಾಮಸಾಬ್


ಬಳ್ಳಾರಿ
8 ಜನವರಿ 2011

ಸಾಬ್ರೇ,

ನಿಮ್ಮ ಪತ್ರ ಓದಿ ಅಂಗಡಿಯ ಶಟರ್ ಅರ್ಧಕ್ಕೆ ಎಳೆದು ಕೂತೆ. ಅಕ್ಕನವರಿಗೆ ನಾನು ಮೂರು ಸಲ ಫೋನಿನಲ್ಲಿ ಹಲೋ ಎಂದು ಗದರಿದ್ದು ನೆನಪಾದರೆ ಮುಖ ಎತ್ತಲು ಆಗುತ್ತಿಲ್ಲ. ಅವರಿಗೆ ನನ್ನ ಪರವಾಗಿ ಕ್ಷಮೆ ಕೇಳಿ.

ಕಂಪನಿಗೆ ನಿನ್ನೆಯೇ ಬರೆಸಿದ್ದೇನೆ. ಉತ್ತರ ಬರಲಿ.

ಇನ್ನೊಂದು ವಿಷಯ. ಹೇಳಬೇಕೋ ಬೇಡವೋ ತಿಳಿಯದು, ಆದರೆ ನಿಮ್ಮ ಪತ್ರದಲ್ಲಿದ್ದ ಒಂದು ಮಾತನ್ನು ನಾನು ಮೊದಲೇ ಕೇಳಿದ್ದೇನೆ. ಕುರುಗೋಡಿನ ದುರುಗಪ್ಪ ಎಂಬ ಲಾರಿ ಮಾಲೀಕರೂ ನಮ್ಮಲ್ಲೇ ವೆಲ್ಟಾ ಕೊಂಡವರು. ಡಿಸೆಂಬರಿನಲ್ಲಿ ಅಂಗಡಿಗೆ ಬಂದು ಜಗಳ ತೆಗೆದಿದ್ದರು. ಅದಿರಿನ ಬಾಡಿಗೆ ಕಡಿಮೆಯಾಯಿತೆಂದು ಇವರು ಗಣಿಯ ಕಚೇರಿಯಲ್ಲಿ ಮೇಜು ಗುದ್ದಿ ಬೈಯುತ್ತಿದ್ದರಂತೆ. ಜೇಬಿನಲ್ಲಿದ್ದ ಫೋನು ಅದುಮಿಹೋಗಿ, ಒಳಗಿಂದ ಒಬ್ಬ ಹೆಂಗಸು, "ಸಾಕು ಬಿಡ್ರಿ, ಎಷ್ಟಂತ ಬೈತೀರಿ" ಎಂದಳಂತೆ. ಇಡೀ ಕಚೇರಿ ಬಿದ್ದು ಬಿದ್ದು ನಕ್ಕಿತಂತೆ. "ಏನ್ ಮಾರೀಯಲೇ ನನಗ, ಫೋನೋ ದೆವ್ವೋ" ಎಂದು ನನ್ನ ಮೇಲೆ ಹರಿಹಾಯ್ದರು. ಅದೇನೋ ಕಂಪನಿಯವರು ಹಾಕಿದ ತಮಾಷೆ ಇರಬೇಕು ಎಂದು ನಾನೂ ನಕ್ಕು ಕಳಿಸಿದೆ. ಮೊನ್ನೆ ಸಿಕ್ಕಾಗ, ಈಗ ಆ ಫೋನನ್ನು ಅವರ ತಾಯಿ ಸಾವಂತ್ರಮ್ಮ ಇಟ್ಟುಕೊಂಡು ದಿನವಿಡೀ ಒತ್ತುತ್ತಾರೆ ಎಂದರು.

ನಿಮ್ಮ ಮನೆಯ ಮಾತು ಅಲ್ಲಿಗೆ ಹೇಗೆ ಹೋಯಿತೋ ನನಗೆ ತಿಳಿಯದು. ನಿಜವಾಗಿಯೂ ತಿಳಿಯದು.

ಪಂಪಣ್ಣ


ಸಿರುಗುಪ್ಪ
10 ಜನವರಿ 2011

ಪಂಪಣ್ಣ,

ಅವರೇ ಇವರೇ ಎಲ್ಲ ಇವತ್ತು ಇಲ್ಲ. ಈ ಪತ್ರವನ್ನು ಗುಲ್ನಾಜ್ ಕೆಲಸಕ್ಕೆ ಹೋಗುವಾಗ ನಿನ್ನ ಕೈಗೇ ಕೊಡುತ್ತಾಳೆ. ಅವಳ ಎದುರಿಗೇ ಓದು.

ಹೇಗೆ ಹೋಯಿತೋ ತಿಳಿಯದು ಎಂದು ಬರೆದಿದ್ದೀ. ಗುಲ್ನಾಜಳಿಗೆ ತಿಳಿಯಿತು. ನಿನ್ನ ಪತ್ರ ಓದಿದವಳೇ ನಮ್ಮ ಫೋನಿನ ಒಳಗೆ ಹೋಗಿ ನೋಡಿದಳು. ವೆಲ್ಟಾ ಫೋನಿಗೆ ಕೊಂಡವರ ಹೆಸರಿನಲ್ಲಿ ಒಂದು ಖಾತೆ ಇರಬೇಕಂತೆ. ನಮ್ಮ ಫೋನಿನ ಖಾತೆ ನನ್ನ ಹೆಸರಿನಲ್ಲಿಲ್ಲ, ನಿನ್ನ ಅಂಗಡಿಯ ಹೆಸರಿನಲ್ಲಿದೆ. ಬಂದವರಿಗೆಲ್ಲ ಒಂದೊಂದು ಖಾತೆ ತೆರೆಯುವ ಬೇಸರಕ್ಕೆ ನಿನ್ನ ಹುಡುಗಿ ನೀನು ಮಾರಿದ ಎಲ್ಲ ಫೋನಿಗೂ ಅದೊಂದೇ ಖಾತೆ ಹಾಕಿದ್ದಾಳೆ. ವೆಲ್ಟಾದ ಅಂಗಡಿಯಲ್ಲಿ ಇರುವುದೇ ಬೆರಳೆಣಿಕೆಯ ಆ್ಯಪ್. ಪರದೆ ಬೋಳು ಕಾಣಬಾರದೆಂದು ಅವನ್ನೆಲ್ಲ ಎಲ್ಲ ಫೋನಿಗೂ ತುಂಬಿದ್ದಾಳೆ. ಕಂಪನಿಯ ಲೆಕ್ಕದಲ್ಲಿ ನಾವೆಲ್ಲ ಒಬ್ಬನೇ ಮನುಷ್ಯ. ಒಬ್ಬರ ಫೋನಿನಲ್ಲಿ ತುಂಬಿದ ಮಾತು ಎಲ್ಲರ ಫೋನಿಗೂ ಇಳಿಯುತ್ತದೆ. ನಮ್ಮ ತಿಂಗಳು ಯಾಕೆ ಬೇಗ ಮುಗಿಯಿತು ಈಗ ಗೊತ್ತಾಯಿತೇ? ನಮಗಿಂತ ಮೊದಲು ಕೊಂಡವನ್ಯಾವನೋ ಆ ಆ್ಯಪನ್ನು ತೆರೆದ ದಿನವೇ ನಮ್ಮ ತಿಂಗಳೂ ಶುರುವಾಗಿತ್ತು. ನಾನು ಎಣಿಸಲು ಬಾರದವನು ಎಂದೆಯಲ್ಲ!

ನನ್ನ ಹೆಂಡತಿ ನನಗೊಬ್ಬನಿಗೆ ಆಡಿದ ಮಾತು ಅದು. ಯಾವುದೋ ಗಣಿ ಆಫೀಸಿನಲ್ಲಿ ಗಂಡಸರು ಅದನ್ನು ಕೇಳಿ ನಕ್ಕರಲ್ಲ, ಅವರಿಗೆಲ್ಲ ನಾನು ಎಲ್ಲಿ ಹೋಗಿ ಉತ್ತರ ಹೇಳಲಿ? ನಾನು ಕೂಗಾಡಿದ್ದನ್ನು ಕೇಳಿ ಅವಳಿಗೂ ಎಲ್ಲ ತಿಳಿಯಿತು. ಅವಳು ಸಿಟ್ಟಾಗಲಿಲ್ಲ, ಅದೇ ನನಗೆ ಇನ್ನೂ ಸಿಟ್ಟು. ಗುಲ್ನಾಜಳ ಕೈ ಹಿಡಿದುಕೊಂಡು, ಅಲ್ಲಿ ಇನ್ನೂ ಮಾತಾಡುತ್ತದೆಯೇ ಎಂದು ಸನ್ನೆಯಲ್ಲಿ ಕೇಳಿದಳು. ಮತ್ತೆ ಮತ್ತೆ ಅದನ್ನೇ ಕೇಳಿದಳು.

ಆಗ ಗುಲ್ನಾಜಳಿಗೆ ಹೊಳೆಯಿತು. ಎಲ್ಲರ ಫೋನಿನಲ್ಲೂ ಬೀಗ ಬಿದ್ದ ಮೇಲೆ ಕುರುಗೋಡಿನಲ್ಲಿ ಮಾತ್ರ ಯಾಕೆ ಮಾತಾಡುತ್ತಿದೆ? ಆ ಫೋನಿಗೆ ಇಂಟರ್ನೆಟ್ ಇಲ್ಲದೆ ಇರಬೇಕು. ಕಂಪನಿ ಬೀಗ ಕಳಿಸುವುದು ಇಂಟರ್ನೆಟ್ಟಿನಲ್ಲಿ. ಅದು ಒಂದು ಸಲ ತಾಕಿದರೆ ಅಲ್ಲಿಯೂ ಮುಗಿಯಿತು. ಅವಳ ದನಿ ಈಗ ಈ ಭೂಮಿಯ ಮೇಲೆ ಇರುವುದು ಅದೊಂದೇ ಕಡೆ.

ಈಗಲೇ ಕುರುಗೋಡಿಗೆ ಹೊರಡು. ಅಂಗಡಿ ಹಾಳಾಗಿ ಹೋಗಲಿ. ಆ ಫೋನಿಗೆ ಇಂಟರ್ನೆಟ್ ತಾಕಬಾರದು.

ಇಮಾಮಸಾಬ್


ಬಳ್ಳಾರಿ
13 ಜನವರಿ 2011

ಸಾಬ್ರೇ,

ನೀವು ಏಕವಚನದಲ್ಲಿ ಬೈದದ್ದು ಸರಿಯಾಗಿಯೇ ಇದೆ. ಎಲ್ಲ ಫೋನಿಗೂ ಒಂದೇ ಖಾತೆ ಹಾಕು ಎಂದು ಹುಡುಗಿಗೆ ಹೇಳಿಕೊಟ್ಟವನು ನಾನೇ. ಅವಳನ್ನು ಬೈಯಬೇಡಿ. ಈ ಊರಿನಲ್ಲಿ ಎಲ್ಲ ಅಂಗಡಿಯವರೂ ಹೀಗೇ ಮಾಡುತ್ತೇವೆ. ಅದರಿಂದ ಇಂಥದ್ದು ಆಗುತ್ತದೆಂದು ಯಾರಿಗೂ ಹೊಳೆದಿರಲಿಲ್ಲ.

ಗುಲ್ನಾಜ್ ನನ್ನನ್ನು ಬಸ್ಸು ಹತ್ತಿಸಿಯೇ ಕೆಲಸಕ್ಕೆ ಹೋದಳು. ಕುರುಗೋಡಿನಲ್ಲಿ ದುರುಗಪ್ಪನವರು ಮನೆಯಲ್ಲೇ ಇದ್ದರು. ಗುಲ್ನಾಜ್ ಹೇಳಿದ್ದು ನಿಜ. ನೆಟ್ಟು ಸುಮ್ಮಸುಮ್ಮನೆ ಬ್ಯಾಲೆನ್ಸ್ ತಿನ್ನುತ್ತದೆ ಎಂದು ನವೆಂಬರಿನಲ್ಲೇ ಅದನ್ನು ಬಂದ್ ಮಾಡಿದ್ದರು. ಏನಾಗಿದೆ ನೋಡೇಬಿಡೋಣ ಎಂದು ನನ್ನೆದುರಿಗೇ ಅದನ್ನು ಚಾಲೂ ಮಾಡಲು ಹೊರಟರು. ನಾನು ಹಾರಿ ಅವರ ಕೈ ಹಿಡಿದೆ. ಕಳ್ಳನೆಂದು ತಿಳಿದು ಮನೆಯವರೆಲ್ಲ ಓಡಿಬಂದರು. ಅವರನ್ನೆಲ್ಲ ಕೂರಿಸಿ, ಕಥೆ ಹೇಳಿದೆ.

ಸಾವಂತ್ರಮ್ಮನವರು ಫೋನನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದರು. ಕೊಡುವುದಿಲ್ಲವೇನೋ ಅಂದುಕೊಂಡೆ. ತಟ್ಟೆಯ ಚಿತ್ರವನ್ನು ಇನ್ನೊಮ್ಮೆ ಒತ್ತಿ ಕೇಳಿದರು. ಆಮೇಲೆ ಮಗನಿಗೆ, "ಬಾಯಿ ಹೋದಾಕಿ ಮಾತು ನಮ್ಮನ್ಯಾಗ ಇಟ್ಕೊಂಡು ಉಣ್ಣಾಕ ಆಗತೈತೇನಪ್ಪ? ಕೊಟ್ಟು ಕಳಸು" ಎಂದರು. ದುರುಗಪ್ಪ ಸಿಮ್ ತೆಗೆದು ಫೋನ್ ನನ್ನ ಕೈಗಿಟ್ಟರು. ಅವರಿಗೆ ಬೇರೆ ಫೋನ್ ಕೊಟ್ಟಿದ್ದೇನೆ. ಅದಕ್ಕೆ ಅವರದೇ ಹೆಸರಿನ ಖಾತೆ.

ಈಗ ಅದು ನನ್ನ ಬೀರುವಿನಲ್ಲಿದೆ. ಸಿಮ್ ಇಲ್ಲ, ಸುತ್ತ ಅರಿವೆ ಸುತ್ತಿದ್ದೇನೆ. ಬಸ್ಸಿನ ಕಂಡಕ್ಟರನಿಗೂ ಅಂಚೆಗೂ ಕೊಡುವ ಧೈರ್ಯವಿಲ್ಲ. ಭಾನುವಾರ ನಾನೇ ತರುತ್ತೇನೆ. ನನ್ನನ್ನು ಒಳಗೆ ಬಿಡುವುದು ಬಿಡದಿರುವುದು ನಿಮಗೆ ಸೇರಿದ್ದು.

ಕಂಪನಿಯ ಉತ್ತರವೂ ಬಂತು. ನಿಮ್ಮ ಭಾಗದಲ್ಲಿ ನಮ್ಮ ಗಿರಾಕಿಗಳು ಕಡಿಮೆ, ಮಾರಾಟದ ಯೋಚನೆ ಸದ್ಯಕ್ಕಿಲ್ಲ, ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂದು ಬರೆದಿದ್ದಾರೆ. ಕೆಳಗೆ ಯಾರ ಹೆಸರೂ ಇಲ್ಲ.

ನಿಮ್ಮ
ಪಂಪಣ್ಣ


ಸಿರುಗುಪ್ಪ
20 ಜನವರಿ 2011

ಪಂಪಣ್ಣನವರಿಗೆ ಇಮಾಮಸಾಬ್ ಮಾಡುವ ಸಲಾಮು.

ತಾವು ಕ್ಷೇಮವೇ? ಮೊದಲ ಪತ್ರದಲ್ಲಿ ಕೇಳದೆ ಉಳಿಸಿಕೊಂಡದ್ದನ್ನು ಈಗ ಕೇಳಿದ್ದೇನೆ.

ಭಾನುವಾರ ನೀವು ಅಂಗಳದಲ್ಲಿ ಆ ಅರಿವೆ ಗಂಟನ್ನು ನನ್ನ ಕೈಗಿಟ್ಟು, ಒಳಗೆ ಬರದೆ ಬಾಗಿಲ ಹೊರಗೇ ನಿಂತಿರಿ. ಬನ್ನಿ ಎಂದು ಹೇಳಲು ನನಗೂ ಬಾಯಿ ಬರಲಿಲ್ಲ, ನಿಜ ಹೇಳುತ್ತೇನೆ. ಅಷ್ಟರಲ್ಲಿ ಅವಳು ಗಂಟು ಬಿಚ್ಚಿ ಬಾಗಿಲ ಚಿತ್ರ ಒತ್ತಿಬಿಟ್ಟಿದ್ದಳು. "ಯಾರದು? ಒಳಗ ಬರ್ರಿ." ನೀವು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದಿರಿ. ಚಹಾ ಕುಡಿದು ನೀವು ಹೊರಡಲು ಎದ್ದಿರಿ. ಅವಳು ಮಾತ್ರ ತಟ್ಟೆಯ ಚಿತ್ರವನ್ನು ನಾಲ್ಕಾರು ಸಲ ಒತ್ತಿ, ನಿಮ್ಮನ್ನು ಉಣ್ಣಿಸಿಯೇ ಕಳಿಸಿದಳು.

ನೀವು ಹೋದ ಮೇಲೆ ತಿಳಿದದ್ದನ್ನು ಹೇಳದಿದ್ದರೆ ಮೋಸವಾಗುತ್ತದೆ. ಬಸ್ಸು ಖಾಲಿ. ಚಂದ್ರ ಖಾಲಿ. ಎಷ್ಟು ಒತ್ತಿದರೂ ಸದ್ದಿಲ್ಲ. ದುರುಗಪ್ಪನವರು ಮೊದಲ ಸಂಜೆಯ ನಂತರ, ಎರಡನೆಯ ಸಂಜೆಯ ಮೊದಲು ನೆಟ್ಟು ಬಂದ್ ಮಾಡಿದ್ದಿರಬೇಕು ಎಂದಳು ಗುಲ್ನಾಜ್. ಆ ಸಂಜೆಯ ಮಾತೆಲ್ಲ ನಮ್ಮ ಫೋನಿನಲ್ಲೇ, ಬೀಗದ ಹಿಂದೆ ಉಳಿದಿದೆ. ಇದರಲ್ಲಿ ನಿಮ್ಮ ತಪ್ಪಿಲ್ಲ, ದುರುಗಪ್ಪನವರ ತಪ್ಪೂ ಇಲ್ಲ. ರಾತ್ರಿ ಮಲಗುವಾಗ ಅವಳು ಅಭ್ಯಾಸಬಲದಿಂದ ಚಂದ್ರನನ್ನು ಒತ್ತಿದಳು. ಏನೂ ಬರಲಿಲ್ಲ. ನನ್ನ ಕಡೆ ತಿರುಗಿ ನನ್ನ ಕೈ ಹಿಡಿದುಕೊಂಡಳು. ನಾನು ಅತ್ತೆ, ಪಂಪಣ್ಣನವರೇ. ಮುಚ್ಚಿಡುವುದೇನಿದೆ?

ಹಾಗೆಂದು ನನ್ನ ಸಿಟ್ಟು ಇಳಿಯಿತೆಂದು ತಿಳಿಯಬೇಡಿ. ನಿಮ್ಮ ಮೇಲಿನದು ಇಳಿದಿದೆ, ಮಿಕ್ಕದ್ದು ಹಾಗೇ ಇದೆ. ಬೀಗ ಬಿದ್ದ ನಮ್ಮ ಫೋನಿಗೆ ನಿನ್ನೆ ಆ ಆ್ಯಪಿನವರಿಂದ ಒಂದು ಸಂದೇಶ ಬಂತು. ಗುಲ್ನಾಜ್ ಓದಿ ಹೇಳಿದಳು. ನಮ್ಮ ಸೇವೆ ನಿಮಗೆ ಇಷ್ಟವಾಯಿತೇ, ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೇಳಿದ್ದಾರೆ. ಕೊಡುತ್ತೇನೆ, ಎದುರಿಗೆ ಬರಲಿ. ಮಾರುವ ಮನಸ್ಸಿಲ್ಲದ ಸಾಮಾನನ್ನು ರುಚಿ ತೋರಿಸಿ ಕಿತ್ತುಕೊಂಡವರು ನಕ್ಷತ್ರ ಕೇಳುತ್ತಾರೆ! ಗಿರಾಕಿ ಕಡಿಮೆ ಇದ್ದ ಕಡೆ ಮನುಷ್ಯರೂ ಕಡಿಮೆ ಎಂದು ತಿಳಿದಿದ್ದಾರೆಯೇ? ಇಬ್ಬರಿದ್ದರೂ ಗಿರಾಕಿಗಳೇ, ಒಬ್ಬಳಿದ್ದರೂ ಗಿರಾಕಿಯೇ. ಅವಳ ಆ ಎರಡು ಮಾತು ಇವರಿಗೆ ಯಾವ ಕೆಲಸಕ್ಕೆ ಬರುತ್ತದೆ? ಯಾವ ಗೋದಾಮಿನಲ್ಲಿ ಇಟ್ಟುಕೊಂಡು ಏನು ಮಾಡುತ್ತಾರೆ? ಬದುಕಿರುವವರೆಗೂ ಕೇಳುತ್ತೇನೆ. ನೀವು ವಿಳಾಸ ಹುಡುಕಿಕೊಡಿ, ಕನ್ನಡದಲ್ಲೇ ಬರೆಯುತ್ತೇನೆ, ಓದಿಸಿಕೊಳ್ಳಲಿ. ವಾರಕ್ಕೊಂದರಂತೆ ಬರೆಯುತ್ತೇನೆ. ಅವರ ಅಪ್ಪನ ಮನೆಯ

ಇಲ್ಲಿಯವರೆಗೆ ಬರೆದಿದ್ದೆ. ನಾನು ಬರೆಯುವಾಗ ಗಟ್ಟಿಯಾಗಿ ಓದಿಕೊಳ್ಳುತ್ತ ಬರೆಯುತ್ತೇನೆ, ಅದು ನನ್ನ ಚಾಳಿ. ಒಲೆಯ ಮುಂದೆ ಕೂತಿದ್ದವಳು ಎಲ್ಲ ಕೇಳಿಸಿಕೊಂಡಳು. ಎದ್ದು ಬಂದು, ಕೈ ಒರೆಸಿಕೊಂಡು, ಫೋನನ್ನು ನನ್ನ ಕಿವಿಯ ಹತ್ತಿರ ಹಿಡಿದು ಕತ್ತೆಯನ್ನು ಒತ್ತಿದಳು.

"ಸಾಕು ಬಿಡ್ರಿ, ಎಷ್ಟಂತ ಬೈತೀರಿ."

ಅದಕ್ಕೇ ಇಲ್ಲಿಗೆ ನಿಲ್ಲಿಸಿದ್ದೇನೆ.

ಇಮಾಮಸಾಬ್